ಗೋಡೆಗಳ ಮೇಲೆ ಶುಭಸಂದೇಶ ಬರೆದ ಸಹೋದರ: ಆಂಟೋನಿಯೊ ಮೊಸ್ಕೇನಿ

ನವೆಂಬರ್ ತಿಂಗಳು ಅಗಲಿದ ಆತ್ಮಗಳ ಸ್ಮರಣೆಗೆ ಮೀಸಲಾದ ತಿಂಗಳು. ಮಂಡ್ಯ, ಮದ್ದೂರು, ಮಳವಳ್ಳಿಯ ನಮ್ಮ ಕ್ರೈಸ್ತ ಕುಟುಂಬಗಳು ಆ ದಿನಗಳಲ್ಲಿ ಸಮಾಧಿಗಳನ್ನು ಶುಚಿಗೊಳಿಸಿ, ಹೂವಿಟ್ಟು, ಮೇಣದ ಬತ್ತಿ ಹಚ್ಚಿ ತಮ್ಮವರಿಗಾಗಿ ಪ್ರಾರ್ಥಿಸುವುದು ತಲೆಮಾರುಗಳಿಂದ ನಡೆದುಬಂದ ಪದ್ಧತಿ. ನಮ್ಮ ರಕ್ತ ಸಂಬಂಧಿಗಳಲ್ಲದಿದ್ದರೂ ನಮ್ಮ ವಿಶ್ವಾಸದ ಬದುಕಿಗೆ ಏನನ್ನಾದರೂ ಕೊಟ್ಟು ಹೋದ ಎಷ್ಟೋ ಮಂದಿ ಈ ನಾಡಿನ ಮಣ್ಣಿನಲ್ಲಿ ನಿದ್ರಿಸುತ್ತಿದ್ದಾರೆ. ಅವರಲ್ಲೊಬ್ಬರು 1905ರ ನವೆಂಬರಿನಲ್ಲಿ, ತಮ್ಮ ತಾಯ್ನಾಡಿನಿಂದ ಸಾವಿರಾರು ಮೈಲಿ ದೂರದ ಕೊಚ್ಚಿಯಲ್ಲಿ, ಕುಂಚವನ್ನು ಕೆಳಗಿಟ್ಟು ಕಣ್ಮುಚ್ಚಿದ ಇಟಲಿಯ ಚಿತ್ರಕಾರ, ಯೇಸುಸಭೆಯ ಸಹೋದರ ಆಂಟೋನಿಯೊ ಮೊಸ್ಕೇನಿಯವರು.

ಮಂಗಳೂರಿಗೆ ಹೋಗಿ ಬಂದವರಲ್ಲಿ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ಕಂಡು ಬೆರಗಾಗದವರು ವಿರಳ. ನೆತ್ತಿಯ ಮೇಲಿನ ಚಾವಣಿಯಿಂದ ಹಿಡಿದು ಗೋಡೆ, ಕಮಾನುಗಳವರೆಗೆ ಬಣ್ಣವಿಲ್ಲದ ಜಾಗವನ್ನು ಹುಡುಕಬೇಕಾದ ಆ ಆಲಯದ ಚಿತ್ರಗಳನ್ನು ಬರೆದವರು ಇವರೇ. ಚಿತ್ರಗಳನ್ನು ಬಲ್ಲವರು ಲಕ್ಷಾಂತರ ಮಂದಿ. ಚಿತ್ರಕಾರನನ್ನು ಬಲ್ಲವರು ಕೆಲವರು. ಆದ್ದರಿಂದ ಅವರ ಬದುಕಿನ ಕಥೆಯನ್ನು ನಮ್ಮ ಓದುಗರ ಮುಂದಿಡುವುದು ಉಚಿತವೆನಿಸುತ್ತದೆ.

ಹುಟ್ಟೂರು ಮತ್ತು ಕಲಿಕೆ

ಮೊಸ್ಕೇನಿಯವರು ಹುಟ್ಟಿದ್ದು 1854ರ ಜನವರಿ 17ರಂದು, ಉತ್ತರ ಇಟಲಿಯ ಲೊಂಬಾರ್ಡಿ ಪ್ರಾಂತದ ಬೆರ್ಗಮೊ ನಗರದ ಬಳಿಯ ಸ್ತೆತ್ಸಾನೊ ಎಂಬ ಊರಿನಲ್ಲಿ. ಈ ಬೆರ್ಗಮೊ ಸೀಮೆ ನಮಗೆ ಅಪರಿಚಿತವೇನೂ ಅಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯನ್ನು ಕರೆದ ಸಂತ ಇಪ್ಪತ್ತಮೂರನೆಯ ಜಾನ್ ಪೋಪರು 1881ರಲ್ಲಿ ಜನಿಸಿದ್ದು ಇದೇ ಸೀಮೆಯ ಒಂದು ಬಡ ರೈತ ಕುಟುಂಬದಲ್ಲಿ. ದೈವಭಕ್ತಿ ಮತ್ತು ದುಡಿಮೆ ಎರಡನ್ನೂ ಸಮನಾಗಿ ಪಾಲಿಸುತ್ತಿದ್ದ ಜನರ ನಾಡು ಅದು. ಅಲ್ಲಿ ಹಳ್ಳಿಯ ದೇವಾಲಯಗಳ ಗೋಡೆಗಳೂ ಚಿತ್ರಗಳಿಂದ ತುಂಬಿರುವುದು ಸಾಮಾನ್ಯ. ಅಕ್ಷರ ಬಾರದ ರೈತ ಶುಭಸಂದೇಶವನ್ನು ಗೋಡೆಯ ಮೇಲೆಯೇ ಓದಿಕೊಳ್ಳುತ್ತಿದ್ದ ಕಾಲವದು.

ಬಾಲಕ ಆಂಟೋನಿಯೊನಲ್ಲಿದ್ದ ಚಿತ್ರಕಲೆಯ ಒಲವು ಅವನನ್ನು ಬೆರ್ಗಮೊ ನಗರದ ಕರಾರಾ ಕಲಾಶಾಲೆಗೆ ಕರೆದೊಯ್ದಿತು. ಕಲಾಪ್ರೇಮಿಯಾಗಿದ್ದ ಜಾಕೊಮೊ ಕರಾರಾ ಎಂಬ ಶ್ರೀಮಂತರು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ತಮ್ಮ ಚಿತ್ರಸಂಗ್ರಹವನ್ನೂ ಆಸ್ತಿಯನ್ನೂ ಮುಡಿಪಾಗಿಟ್ಟು ಆರಂಭಿಸಿದ ಸಂಸ್ಥೆ ಅದು. ಅಲ್ಲಿ ಎನ್ರಿಕೊ ಸ್ಕೂರಿ ಎಂಬ ಪ್ರಸಿದ್ಧ ಚಿತ್ರಕಾರರ ಬಳಿ ಮೊಸ್ಕೇನಿಯವರ ಶಿಕ್ಷಣವಾಯಿತು. ಬಳಿಕ ಅವರು ರೋಮಿಗೆ ತೆರಳಿ ವ್ಯಾಟಿಕನ್ನಿನಲ್ಲಿರುವ ಹಿರಿಯ ಕಲಾವಿದರ ಕೃತಿಗಳನ್ನು ಅಭ್ಯಾಸ ಮಾಡಿದರು. ಊರಿಗೆ ಮರಳಿದ ಮೇಲೆ ಬೆರ್ಗಮೊ ಸುತ್ತಲಿನ ದೇವಾಲಯಗಳಲ್ಲಿ ಅವರಿಗೆ ಕೆಲಸ ದೊರೆಯತೊಡಗಿತು. ಭಿತ್ತಿಚಿತ್ರಕಾರನೆಂದು ಹೆಸರೂ ಬೆಳೆಯಿತು.

ಹೆಸರನ್ನು ಬಿಟ್ಟು ಹೊರಟವರು

1889ರಲ್ಲಿ, ತಮ್ಮ ಮೂವತ್ತೈದನೆಯ ವಯಸ್ಸಿನಲ್ಲಿ, ಮೊಸ್ಕೇನಿಯವರು ಯೇಸುಸಭೆಯನ್ನು ಸೇರಿದರು. ಗಮನಿಸಬೇಕಾದ ಸಂಗತಿಯೆಂದರೆ ಅವರು ಸೇರಿದ್ದು ಗುರುವಾಗಲು ಅಲ್ಲ, ಸಹೋದರನಾಗಿ. ಸಹೋದರನಿಗೆ ಬಲಿಪೂಜೆ ಅರ್ಪಿಸುವ ಅಧಿಕಾರವಿಲ್ಲ, ಪ್ರಬೋಧನೆಯ ಪೀಠವಿಲ್ಲ. ಮಠದ ಅಡುಗೆ, ತೋಟ, ಬಡಗಿ ಕೆಲಸ, ರೋಗಿಗಳ ಶುಶ್ರೂಷೆ ಇವುಗಳಲ್ಲಿ ಸದ್ದಿಲ್ಲದೆ ಸವೆಯುವುದೇ ಅವನ ಸೇವೆ. ದುಡಿಮೆಗೆ ತಕ್ಕ ಸಂಭಾವನೆ ಪಡೆಯುತ್ತಿದ್ದ ಕಲಾವಿದನೊಬ್ಬನು ಇನ್ನು ಮುಂದೆ ತನ್ನ ಕೈಕೆಲಸದ ಒಂದು ಕಾಸೂ ತನ್ನದಲ್ಲ, ಎಲ್ಲಿ ಕಳುಹಿಸಿದರೆ ಅಲ್ಲಿಗೆ ಹೋಗಬೇಕು, ಯಾವ ಕೆಲಸ ಹೇಳಿದರೆ ಅದನ್ನು ಮಾಡಬೇಕು ಎಂಬ ವ್ರತಕ್ಕೆ ಒಪ್ಪಿಕೊಳ್ಳುವುದು ಸುಲಭದ ನಿರ್ಧಾರವಲ್ಲ. ಮಠ ಸೇರಿದ ಮೇಲೆ ಹಿರಿಯರು ಕುಂಚವನ್ನೇ ಕೈಗೆ ಕೊಡುವರೆಂಬ ಭರವಸೆಯೂ ಇರುವುದಿಲ್ಲ. ಬರೆಯುವ ಕೈಗೆ ಸೌಟು ಬಂದರೂ ಸರಿಯೆಂಬ ಮನಸ್ಸಿದ್ದವನು ಮಾತ್ರ ಈ ದಾರಿ ಹಿಡಿಯಬಲ್ಲ.

ಆದರೆ ದೇವರು ಕೊಟ್ಟ ವರವನ್ನು ಯೇಸುಸಭೆಯ ಹಿರಿಯರು ಮರೆಯಲ್ಲಿಡಲಿಲ್ಲ. ಆ ಸಭೆಯಲ್ಲಿ ಚಿತ್ರಕಾರ ಸಹೋದರರ ಒಂದು ಹಳೆಯ ಪರಂಪರೆಯೇ ಇತ್ತು. ರೋಮಿನ ಸಂತ ಇಗ್ನೇಷಿಯಸ್ ದೇವಾಲಯದ ಚಾವಣಿಯನ್ನು ಆಕಾಶವೇ ತೆರೆದಂತೆ ಚಿತ್ರಿಸಿದ ಆಂಡ್ರೆಯಾ ಪೊತ್ಸೊ (1642-1709) ಒಬ್ಬ ಸಹೋದರ. ಚೀನಾಕ್ಕೆ ಹೋಗಿ, ಅಲ್ಲಿನ ಹೆಸರನ್ನೇ ಇಟ್ಟುಕೊಂಡು, ಚಕ್ರವರ್ತಿಗಳ ಆಸ್ಥಾನದಲ್ಲಿ ಬಾಳಿ ಅಲ್ಲಿಯೇ ಮಡಿದ ಜುಸೆಪ್ಪೆ ಕಾಸ್ತಿಲ್ಯೋನೆ (1688-1766) ಮತ್ತೊಬ್ಬ ಸಹೋದರ. ಅದೇ ಹಾದಿಯಲ್ಲಿ ಮೊಸ್ಕೇನಿಯವರೂ ನಡೆದರು. ಇಟಲಿಯ ಕೆಲವು ನಗರಗಳಲ್ಲಿಯೂ ಕಡಲಾಚೆಯ ಕ್ರೊಯೇಷಿಯಾ, ಅಲ್ಬೇನಿಯಾಗಳಲ್ಲಿಯೂ ದೇವಾಲಯಗಳನ್ನು ಅಲಂಕರಿಸುವ ಕೆಲಸಕ್ಕೆ ಅವರನ್ನು ಕಳುಹಿಸಲಾಯಿತು. ಆನಂತರ ಬಂದದ್ದು ಮಂಗಳೂರಿನ ಕರೆ.

ಮಂಗಳೂರಿಗೆ ಆಗಮನ

ಹದಿಮೂರನೆಯ ಲಿಯೋ ಪೋಪರು ಮಂಗಳೂರಿನ ಕ್ರೈಸ್ತಸಭೆಯ ಹೊಣೆಯನ್ನು ಯೇಸುಸಭೆಗೆ ವಹಿಸಿದ್ದು 1878ರಲ್ಲಿ. ಆ ವರ್ಷದ ಕೊನೆಯ ದಿನ ಇಟಲಿಯ ಗುರುಗಳ ಮೊದಲ ತಂಡ ಮಂಗಳೂರಿಗೆ ಬಂದಿಳಿಯಿತು. ಸಮುದಾಯದ ಮಕ್ಕಳಿಗೆ ಉನ್ನತ ವಿದ್ಯೆ ಬೇಕೆಂಬ ಅಲ್ಲಿನ ಕುಟುಂಬಗಳ ಬಹುದಿನದ ಬೇಡಿಕೆಗೆ ಓಗೊಟ್ಟು ಗುರುಗಳು 1880ರ ಜನವರಿಯಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. ಇಂದು ಪರಿಗಣಿತ ವಿಶ್ವವಿದ್ಯಾಲಯವಾಗಿ ಬೆಳೆದಿರುವ ಸಂಸ್ಥೆ ಇದೇ. ಅದೇ ವರ್ಷ ಜರ್ಮನಿಯ ಮುಲ್ಲರ್ ಸ್ವಾಮಿಯವರು ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯ ಆರಂಭಿಸಿದರು. 1882ರಲ್ಲಿ ಕೊಡಿಯಾಲಬೈಲ್ ಮುದ್ರಣಾಲಯ ಪ್ರಾರಂಭವಾಯಿತು. ಶಾಲೆ, ಆಸ್ಪತ್ರೆ, ಅಚ್ಚುಕೂಟ ಎಲ್ಲವೂ ಬೆಳೆಯುತ್ತಿದ್ದ ಆ ಉತ್ಸಾಹದ ದಿನಗಳಲ್ಲಿ ಕಾಲೇಜಿನ ಗುಡ್ಡದ ಮೇಲೆ ವಿದ್ಯಾರ್ಥಿಗಳಿಗಾಗಿ ಒಂದು ಪ್ರಾರ್ಥನಾಲಯವೂ ಎದ್ದಿತು. ಆದರೆ ಅದರ ಒಳಗೋಡೆಗಳು ಹಲವು ವರ್ಷ ಬರಿದಾಗಿಯೇ ಉಳಿದಿದ್ದವು.

ಆ ಬರಿ ಗೋಡೆಗಳ ಮುಂದೆ ಮೊಸ್ಕೇನಿಯವರು ನಿಂತಾಗ ಅವರ ವಯಸ್ಸು ನಲವತ್ತೈದರ ಆಸುಪಾಸು. ತಂಪು ನಾಡಿನಿಂದ ಬಂದವರಿಗೆ ಕರಾವಳಿಯ ಸೆಕೆ, ಬೆವರು, ಬಿಡದ ಮಳೆ. ನಮ್ಮ ಮಂಡ್ಯ ಸೀಮೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಾದರೆ ಮಂಗಳೂರಿನಲ್ಲಿ ಸುರಿಯುವುದು 3000 ಮಿಲಿಮೀಟರಿಗೂ ಹೆಚ್ಚು. ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಚಿತ್ರಕಾರನ ಮುಖ್ಯ ಶತ್ರುವಾದ ತೇವವು ಅಲ್ಲಿ ಗೋಡೆಯೊಳಗೇ ಮನೆ ಮಾಡಿಕೊಂಡಿರುತ್ತದೆ. ಇಂತಹ ಕಡೆ 1899ರಲ್ಲಿ ಆರಂಭವಾದ ಕೆಲಸ 1901ರ ಹೊತ್ತಿಗೆ ಪೂರ್ಣಗೊಂಡಿತು. ಎಲ್ಲ ಸೇರಿ 800 ಚದರ ಮೀಟರಿಗೂ ಹೆಚ್ಚಿನ ಹರವನ್ನು ಚಿತ್ರಗಳು ಆವರಿಸಿದವು.

ಹಸಿ ಗಾರೆಯ ಕಲೆ

ಈ ಚಿತ್ರಗಳಲ್ಲಿ ಕೆಲವು ಕ್ಯಾನ್ವಾಸ್ ಬಟ್ಟೆಯ ಮೇಲೆ ತೈಲವರ್ಣದಲ್ಲಿ ಬರೆದವು. ಹೆಚ್ಚಿನವು ಗೋಡೆಯ ಗಾರೆಯ ಮೇಲೆಯೇ ಬರೆದವು. ಇಟಲಿಯವರು ಫ್ರೆಸ್ಕೊ ಎಂದು ಕರೆಯುವ ಈ ವಿಧಾನದ ಕಷ್ಟವನ್ನು ಅರಿತರೆ ಆ ಸಹೋದರನ ದುಡಿಮೆಯ ತೂಕ ತಿಳಿಯುತ್ತದೆ.

ಮೊದಲು ಗೋಡೆಗೆ ಒರಟು ಗಾರೆ ಮೆತ್ತಿ ಒಣಗಿಸಬೇಕು. ಅದರ ಮೇಲೆ ಸುಣ್ಣ ಮತ್ತು ನಯವಾದ ಮರಳಿನ ತೆಳು ಗಾರೆಯನ್ನು, ಅಂದಿನ ಒಂದು ದಿನದಲ್ಲಿ ಎಷ್ಟು ಚಿತ್ರ ಬರೆಯಲು ಸಾಧ್ಯವೋ ಅಷ್ಟೇ ಅಗಲಕ್ಕೆ ಮಾತ್ರ, ಬಳಿಯಬೇಕು. ಕಾಗದದ ಮೇಲೆ ಮೊದಲೇ ಸಿದ್ಧಪಡಿಸಿದ ರೇಖಾಚಿತ್ರದ ಗೆರೆಗಳಗುಂಟ ಸೂಜಿಯಿಂದ ರಂಧ್ರ ಮಾಡಿ, ಅದನ್ನು ಗೋಡೆಗೆ ಹಿಡಿದು, ಇದ್ದಲಿನ ಪುಡಿಯನ್ನು ತಟ್ಟಿದರೆ ಗಾರೆಯ ಮೇಲೆ ಚುಕ್ಕಿಗಳ ಜಾಡು ಮೂಡುತ್ತದೆ. ನಮ್ಮ ಹೆಣ್ಣುಮಕ್ಕಳು ಅಚ್ಚಿನಿಂದ ರಂಗೋಲಿ ಹಾಕುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಆ ಬಳಿಕ ಗಾರೆ ಇನ್ನೂ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣಗಳಿಂದ ಚಿತ್ರ ಮುಗಿಯಬೇಕು. ಗಾರೆ ಆರುತ್ತಾ ಹೋದಂತೆ ಸುಣ್ಣವು ಗಾಳಿಯೊಡನೆ ಬೆರೆತು ಮತ್ತೆ ಕಲ್ಲಾಗುತ್ತದೆ. ಬಣ್ಣವು ಆ ಕಲ್ಲಿನೊಳಗೆ ಬಂದಿಯಾಗುತ್ತದೆ. ಅಂಟಿನ ಅಗತ್ಯವೇ ಇಲ್ಲ.

ತಪ್ಪಿದರೆ ಒರೆಸಿ ತಿದ್ದುವಂತಿಲ್ಲ. ಆ ಭಾಗದ ಗಾರೆಯನ್ನೇ ಕಿತ್ತು ಹೊಸದಾಗಿ ಮೆತ್ತಿ ಮತ್ತೆ ಬರೆಯಬೇಕು. ಸುಣ್ಣದ ಖಾರಕ್ಕೆ ಎಲ್ಲ ಬಣ್ಣಗಳೂ ತಾಳುವುದಿಲ್ಲವಾದ್ದರಿಂದ ಆಯ್ಕೆಯೂ ಕಿರಿದು. ಒಣಗಿದ ಮೇಲೆ ಬಣ್ಣ ತಿಳಿಯಾಗುವುದರಿಂದ ಇಂದು ಕಾಣುವ ಬಣ್ಣವನ್ನಲ್ಲ, ಮುಂದೆ ಕಾಣಲಿರುವ ಬಣ್ಣವನ್ನು ಮನಸ್ಸಿನಲ್ಲಿ ಕಂಡು ಬರೆಯಬೇಕು. ಚಾವಣಿಯ ಕೆಲಸವೆಂದರೆ ಅಟ್ಟಣಿಗೆಯ ಮೇಲೆ ಕತ್ತು ಮೇಲೆತ್ತಿ, ಕೈ ಚಾಚಿ, ಮುಖದ ಮೇಲೆ ಬೀಳುವ ಸುಣ್ಣ ಬಣ್ಣಗಳ ಹನಿಗಳನ್ನು ಸಹಿಸಿಕೊಂಡು ನಡೆಯುವ ತಪಸ್ಸು.

ಚಿತ್ರಗಳು ಹೇಳುವ ಕಥೆ

ಪ್ರಾರ್ಥನಾಲಯದ ಚಾವಣಿಯ ನಡುಸಾಲಿನಲ್ಲಿ ಪಾಲಕ ಸಂತ ಅಲೋಶಿಯಸ್ ಗೊಂಜಾಗರ ಜೀವನವಿದೆ. 1568ರಲ್ಲಿ ಕಾಸ್ತಿಲ್ಯೋನೆಯ ಪಾಳೆಯಗಾರನ ಹಿರಿಯ ಮಗನಾಗಿ ಹುಟ್ಟಿದ ಬಾಲಕ, 1580ರಲ್ಲಿ ಸಂತ ಚಾರ್ಲ್ಸ್ ಬೊರೊಮಿಯೊ ಅವರ ಕೈಯಿಂದ ಮೊದಲ ಪರಮಪ್ರಸಾದ ಸ್ವೀಕರಿಸಿದ್ದು, ಅಧಿಕಾರದ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು 1585ರಲ್ಲಿ ಯೇಸುಸಭೆಯನ್ನು ಸೇರಿದ್ದು, ರೋಮಿನಲ್ಲಿ ಮಹಾಮಾರಿ ಹರಡಿದಾಗ ರೋಗಿಗಳ ಸೇವೆಗೆ ನಿಂತು ತಾನೂ ಅದಕ್ಕೆ ತುತ್ತಾಗಿ 1591ರ ಜೂನ್ 21ರಂದು ಇಪ್ಪತ್ತಮೂರರ ಹರೆಯದಲ್ಲಿಯೇ ಮಡಿದದ್ದು ನಾವು ಬಲ್ಲ ಕಥೆಯೇ. ಆ ಕಥೆಯ ಮುಖ್ಯ ಘಟನೆಗಳನ್ನು ತಲೆಯೆತ್ತಿ ನೋಡಿದ ವಿದ್ಯಾರ್ಥಿಗೆ ಅರಮನೆಯ ವೈಭವದಿಂದ ರೋಗಿಯ ಹಾಸಿಗೆಯವರೆಗಿನ ಒಂದು ಪಯಣವೇ ಕಾಣುತ್ತದೆ. ತನ್ನದೇ ಆದ ಹೆಸರು, ಊರು, ಆದಾಯಗಳನ್ನು ತೊರೆದು ಬಂದ ಚಿತ್ರಕಾರನಿಗೆ ಈ ಕಥೆ ಎಷ್ಟು ಹತ್ತಿರದ್ದಾಗಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಚಾವಣಿಯ ಇಳಿಜಾರು ಭಾಗಗಳಲ್ಲಿ ಪ್ರೇಷಿತರಿದ್ದಾರೆ. ಕಮಾನುಗಳ ಮೇಲ್ಭಾಗದಲ್ಲಿ ದೇವದೂತರು ಹಿಡಿದ ಹೂಮಾಲೆಗಳ ನಡುವೆ ಧರ್ಮಸಭೆಯ ಸಂತರಿದ್ದಾರೆ. ಪ್ರಭು ಯೇಸುವಿನ ಜನನ, ಜೋರ್ಡಾನ್ ನದಿಯಲ್ಲಿ ದೀಕ್ಷಾಸ್ನಾನ, ಕಾನಾ ಊರಿನ ಮದುವೆ, ಶಿಲುಬೆಯ ಮರಣ ಮುಂತಾದ ಪ್ರಸಂಗಗಳಿವೆ. ಹಿಂದಿನ ಗೋಡೆಯಲ್ಲಿ ಮಕ್ಕಳ ಗೆಳೆಯನಾದ ಯೇಸುವಿದ್ದಾನೆ. ಚಪ್ಪಟೆ ಗೋಡೆಯೂ ಉಬ್ಬು ಕೆತ್ತನೆಯಂತೆ ತೋರುವ ಹಾಗೆ ನೆರಳು ಬೆಳಕುಗಳನ್ನು ಹೊಂದಿಸಿರುವುದು ನೋಡುಗರನ್ನು ಇಂದಿಗೂ ಮುಟ್ಟಿ ನೋಡುವ ಆಸೆಗೆ ಸೆಳೆಯುತ್ತದೆ. ಮಕ್ಕಳ ಕಾಲೇಜಿನಲ್ಲಿ ಮಕ್ಕಳಿಗಾಗಿಯೇ ಬರೆದ ಚಿತ್ರಗಳೆಂಬುದನ್ನು ನಾವು ಮರೆಯಬಾರದು.

ಒಂದು ಮಾತನ್ನು ಇಲ್ಲಿ ಮುಚ್ಚಿಡದೆ ಹೇಳಬೇಕು. ಈ ಚಿತ್ರಗಳ ಮುಖಗಳು, ಉಡುಪುಗಳು, ಕಟ್ಟಡಗಳು ಯುರೋಪಿನವು. ನಮ್ಮ ನಾಡಿನ ಮಣ್ಣಿನ ವಾಸನೆ ಅವುಗಳಲ್ಲಿ ಕಡಿಮೆಯೆಂಬ ಟೀಕೆಯಿದೆ. ಅದು ಸುಳ್ಳಲ್ಲ. ಮಾತೆ ಮರಿಯಮ್ಮನಿಗೆ ಸೀರೆಯುಡಿಸಿ, ಯೇಸುವನ್ನು ಭಾರತೀಯ ಪರಿಸರದಲ್ಲಿ ಕಾಣಿಸಿದ ಗೋವೆಯ ಆಂಜೆಲೊ ದ ಫೊನ್ಸೆಕಾ (1902-1967) ಅವರಂತಹ ಕಲಾವಿದರು ಬಂದದ್ದು ಮೊಸ್ಕೇನಿಯವರ ಕಾಲವಾದ ಬಳಿಕ. ತಾನು ಕಲಿತ ಭಾಷೆಯಲ್ಲಿ ಮೊಸ್ಕೇನಿಯವರು ಪ್ರಾರ್ಥಿಸಿದರು. ಅದನ್ನು ನಮ್ಮ ಭಾಷೆಗೆ ತರುವ ಹೊಣೆ ನಮ್ಮದಾಗಿತ್ತು, ಈಗಲೂ ಆಗಿದೆ.

ಅಚ್ಚಿನ ಪಟಗಳ ಕಾಲದಲ್ಲಿ ಒಂದೇ ಒಂದು ಗೋಡೆ

ಮೊಸ್ಕೇನಿಯವರು ಭಾರತಕ್ಕೆ ಬಂದ ಕಾಲ ಅಚ್ಚಿನ ಚಿತ್ರಗಳು ಮನೆಮನೆಗೆ ಬರುತ್ತಿದ್ದ ಕಾಲ. ಮಂಗಳೂರಿನಲ್ಲಿಯೇ ಬಾಸೆಲ್ ಮಿಶನ್ನಿನವರು 1841ರಲ್ಲಿ ಕಲ್ಲಚ್ಚಿನ ಮುದ್ರಣವನ್ನು ಆರಂಭಿಸಿದ್ದರು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ತೆರೆದ ಬಣ್ಣದ ಅಚ್ಚುಕೂಟವು ಮುಂದೆ ಜರ್ಮನಿಯಿಂದ ಬಂದ ಫ್ರಿಟ್ಜ್ ಶ್ಲೈಷರ್ ಎಂಬ ಮುದ್ರಣತಜ್ಞನ ಕೈಸೇರಿ ದೇವದೇವಿಯರ ಪಟಗಳನ್ನು ನಾಡಿನಾದ್ಯಂತ ಹರಡಿತು. ಕ್ರೈಸ್ತರ ಮನೆಗಳಿಗೂ ಪವಿತ್ರ ಹೃದಯದ ಪಟ, ಮಾತೆಯ ಪಟಗಳು ಅಚ್ಚಿನಲ್ಲಿಯೇ ಬಂದವು. ನಮ್ಮ ಮಂಡ್ಯ, ಮಳವಳ್ಳಿಯ ಹಳೆಯ ಮನೆಗಳ ಗೋಡೆಯಲ್ಲಿ ಚೌಕಟ್ಟು ಹಾಕಿಸಿ, ಮುಂದೆ ದೀಪವಿಟ್ಟ ಅಂತಹ ಪಟಗಳನ್ನು ಹಿರಿಯರು ಎಷ್ಟು ಭಯಭಕ್ತಿಯಿಂದ ಕಾಣುತ್ತಿದ್ದರೆಂಬುದು ಬಲ್ಲವರಿಗೆ ಗೊತ್ತು. ಅಚ್ಚಿನ ಪಟ ಹರಿದರೆ ಮತ್ತೊಂದು ತರಬಹುದು. ಗೋಡೆಯ ಚಿತ್ರಕ್ಕೆ ಮತ್ತೊಂದು ಪ್ರತಿಯಿಲ್ಲ. ಗೋಡೆ ಕೆಟ್ಟರೆ ಚಿತ್ರವೂ ಹೋಯಿತು.

ಕೊನೆಯ ಕೆಲಸ

ಮಂಗಳೂರಿನ ಕೀರ್ತಿ ಹರಡಿದಂತೆ ಬೇರೆ ಧರ್ಮಕ್ಷೇತ್ರಗಳಿಂದಲೂ ಅವರಿಗೆ ಕರೆ ಬಂದಿತು. ಮುಂಬಯಿಯ ಕೊಲಾಬಾ ಭಾಗದಲ್ಲಿ ಇಂದು ಪ್ರಧಾನಾಲಯವಾಗಿರುವ ಪವಿತ್ರ ನಾಮದ ದೇವಾಲಯದಲ್ಲಿ ಅವರ ಭಿತ್ತಿಚಿತ್ರಗಳಿವೆ. ಕೊನೆಯದಾಗಿ ಅವರು ಹೋದದ್ದು ಕೊಚ್ಚಿಗೆ. ಅಲ್ಲಿ ಪೋರ್ಚುಗೀಸರ ಕಾಲದ ಪ್ರಧಾನಾಲಯವನ್ನು ಬ್ರಿಟಿಷರು 1795ರಲ್ಲಿ ಕೆಡವಿದ್ದರು. ಸುಮಾರು ನೂರು ವರ್ಷಗಳ ಬಳಿಕ ಪವಿತ್ರ ಶಿಲುಬೆಯ ಹೆಸರಿನಲ್ಲಿ ಸಾಂತಾಕ್ರೂಸ್ ಪ್ರಧಾನಾಲಯವನ್ನು ಮತ್ತೆ ಕಟ್ಟಲಾಗುತ್ತಿತ್ತು. ಮೊಸ್ಕೇನಿಯವರು ಮಂಗಳೂರಿನ ತಮ್ಮ ಶಿಷ್ಯ ದ ಗಾಮಾ ಅವರನ್ನು ಜೊತೆಗೂಡಿಸಿಕೊಂಡು ಅದರ ಒಳಭಾಗವನ್ನು ಅಲಂಕರಿಸಿದರು. ಪ್ರಭುವಿನ ಯಾತನೆ ಮತ್ತು ಶಿಲುಬೆಯ ಮರಣವನ್ನು ಕುರಿತ ಏಳು ದೊಡ್ಡ ಚಿತ್ರಗಳು, ಲಿಯೊನಾರ್ದೊ ಡಾ ವಿಂಚಿಯ ಪ್ರಸಿದ್ಧ ಕೃತಿಯನ್ನು ಅನುಸರಿಸಿದ ಕಡೆಯ ಭೋಜನದ ಚಿತ್ರ ಅಲ್ಲಿನ ಮುಖ್ಯ ಕೃತಿಗಳು.

1905ರ ನವೆಂಬರ್ 19ರಂದು ಆ ಪ್ರಧಾನಾಲಯದ ಪ್ರತಿಷ್ಠೆ ನಡೆಯಿತು. ದೀಪಗಳು ಬೆಳಗಿದವು, ಜನ ನೆರೆದರು. ಆದರೆ ಗೋಡೆಗಳಿಗೆ ಜೀವ ಕೊಟ್ಟವರು ಅಲ್ಲಿರಲಿಲ್ಲ. ಅದಕ್ಕೆ ನಾಲ್ಕು ದಿನ ಮೊದಲು, ಐವತ್ತೊಂದರ ವಯಸ್ಸಿನಲ್ಲಿ, ಸಹೋದರ ಮೊಸ್ಕೇನಿ ತೀರಿಕೊಂಡಿದ್ದರು. ವಾಗ್ದತ್ತ ನಾಡನ್ನು ದೂರದಿಂದ ಕಂಡು ಕಣ್ಮುಚ್ಚಿದ ಮೋಶೆಯ ನೆನಪಾಗುತ್ತದೆ. ಕೆಲಸ ಮಾಡುವವನೊಬ್ಬ, ಹಬ್ಬ ಆಚರಿಸುವವನು ಮತ್ತೊಬ್ಬ. ಹಾಗಿದ್ದರೂ ಕೆಲಸದಲ್ಲಿ ಕೊರತೆ ಮಾಡದಿರುವುದೇ ದೊಡ್ಡತನ. 1984ರಲ್ಲಿ ಸಂತ ಎರಡನೆಯ ಜಾನ್ ಪೌಲ್ ಪೋಪರು ಆ ಪ್ರಧಾನಾಲಯವನ್ನು ಬಸಿಲಿಕಾ ಎಂದು ಘೋಷಿಸಿದರು.

ನಮ್ಮ ಪಾಲಿನ ಹೊಣೆ

ಬರೆದವರು ಹೋದರೂ ಮಳೆ ನಿಲ್ಲಲಿಲ್ಲ. ತೊಂಬತ್ತು ಮುಂಗಾರುಗಳ ತೇವ, ಧೂಳು, ಹೊಗೆಗಳಿಂದ ಮಂಗಳೂರಿನ ಚಿತ್ರಗಳು ಮಂಕಾದವು. ಗಾರೆ ಅಲ್ಲಲ್ಲಿ ಸಡಿಲವಾಯಿತು. 1990ರ ದಶಕದ ಆರಂಭದಲ್ಲಿ ಇಂಟ್ಯಾಕ್ ಸಂಸ್ಥೆಯ ಲಕ್ನೋ ಕೇಂದ್ರದ ತಜ್ಞರು ಕೆಲವು ವರ್ಷ ಶ್ರಮಿಸಿ ಅವುಗಳನ್ನು ಉಳಿಸಿಕೊಟ್ಟರು. ಆ ಗುರುಗಳು ಖರ್ಚಿಗೆ ಅಂಜಿ ಗೋಡೆಗೆ ಹೊಸ ಬಣ್ಣ ಬಳಿಸಿಬಿಟ್ಟಿದ್ದರೆ ಇಂದು ಮೊಸ್ಕೇನಿ ಎಂಬ ಹೆಸರೂ ಉಳಿಯುತ್ತಿರಲಿಲ್ಲ.

ಗೋಡೆಯ ಚಿತ್ರಗಳಿಗೆ ಬರುವ ಈ ಗಂಡಾಂತರ ನಮ್ಮ ಜಿಲ್ಲೆಗೂ ಹೊಸತಲ್ಲ. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿದ ದರಿಯಾ ದೌಲತ್ ಮಹಲಿನ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರವನ್ನು ನಮ್ಮ ಮಕ್ಕಳು ಶಾಲಾ ಪ್ರವಾಸದಲ್ಲಿ ನೋಡಿರುತ್ತಾರೆ. ಅದೂ ಒಮ್ಮೆ ಸುಣ್ಣದ ಮರೆಯಲ್ಲಿ ಅಡಗಿ, ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬರೆಸಲ್ಪಟ್ಟದ್ದು. ಹಬ್ಬ ಬಂತೆಂದು, ಜುಬಿಲಿ ಬಂತೆಂದು ನಮ್ಮ ಧರ್ಮಕೇಂದ್ರಗಳಲ್ಲಿ ಹಳೆಯದನ್ನೆಲ್ಲ ತೆಗೆದು ಹೊಳೆಯುವ ಹೆಂಚು, ಗಾಢ ಬಣ್ಣಗಳನ್ನು ಹಾಕಿಸುವ ಉತ್ಸಾಹ ಈಚೆಗೆ ಹೆಚ್ಚಾಗಿದೆ. ಉತ್ಸಾಹ ಒಳ್ಳೆಯದೇ. ಆದರೆ ಹಳೆಯ ಪೀಠ, ಮರದ ಸ್ವರೂಪ, ಶಿಲುಬೆ ಹಾದಿಯ ಹಳೆಯ ಪಟ, ಗಂಟೆ ಇವುಗಳ ಮೇಲೆ ಕೈಯಿಡುವ ಮೊದಲು ಅವುಗಳನ್ನು ಮಾಡಿದವರು ಯಾರು, ತಂದವರು ಯಾರು ಎಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳುವುದು ಕಷ್ಟದ ಕೆಲಸವಲ್ಲ. ಧರ್ಮಕೇಂದ್ರದ ಪಾಲನಾ ಸಮಿತಿಗಳು ಇದನ್ನು ಯೋಚಿಸಬೇಕು.

ಇನ್ನೊಂದು ಮಾತು ತಂದೆತಾಯಿಗಳಿಗೆ. ನಮ್ಮ ಮನೆಗಳಲ್ಲಿ ಪುಸ್ತಕದ ಅಂಚಿನಲ್ಲಿ ಚಿತ್ರ ಗೀಚುವ ಮಗುವಿಗೆ ಏಟು ಬೀಳುವುದೇ ಹೆಚ್ಚು. ವೈದ್ಯ, ಎಂಜಿನಿಯರ್ ಎಂಬ ಎರಡು ಬಾಗಿಲುಗಳಲ್ಲದೆ ಬೇರೆ ಬಾಗಿಲನ್ನು ನಾವು ತೋರಿಸುವುದಿಲ್ಲ. ಸ್ತೆತ್ಸಾನೊ ಊರಿನಲ್ಲಿ ಒಂದು ಮಗುವಿನ ಗೀಚುವ ಕೈಯನ್ನು ತಡೆದಿದ್ದರೆ ಕರ್ನಾಟಕದ ಕರಾವಳಿಯಲ್ಲಿ ಒಂದು ಆಲಯ ಬರಿದಾಗಿ ಉಳಿಯುತ್ತಿತ್ತು. ಹಾಗೆಯೇ, ಗುರುವಾಗದೆ ಸಹೋದರನಾಗಿ ದೇವರ ಸೇವೆಗೆ ಹೋಗುತ್ತೇನೆಂಬ ಯುವಕನಿಗೆ ಅದೇಕೆ ಕೆಳಗಿನ ಸ್ಥಾನ ಎಂದು ಕೇಳುವ ಬಂಧುಗಳೂ ನಮ್ಮಲ್ಲಿದ್ದಾರೆ. ಅವರಿಗೆ ಮೊಸ್ಕೇನಿಯವರ ಬಾಳೇ ಉತ್ತರ.

ಮುಂದೆ ಮಂಗಳೂರಿಗೆ ಹೋಗುವ ಕುಟುಂಬಗಳು ಆ ಪ್ರಾರ್ಥನಾಲಯದಲ್ಲಿ ತಲೆಯೆತ್ತಿ ಚಿತ್ರಗಳನ್ನು ನೋಡಿದ ಮೇಲೆ ಒಂದು ನಿಮಿಷ ತಲೆಬಾಗಿ ಆ ಸಹೋದರನ ಆತ್ಮಕ್ಕಾಗಿ ಪ್ರಾರ್ಥಿಸಲಿ. ಪರದೇಶದಿಂದ ಬಂದು, ನಮ್ಮ ಮಕ್ಕಳಿಗಾಗಿ ದುಡಿದು, ನಮ್ಮ ನೆಲದಲ್ಲಿಯೇ ಮಣ್ಣಾದ ಅವರಿಗೆ ಪ್ರಭುವು ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ.